ಬಾಯಿ ಮುಚ್ಚಿಸಿದ ಕೊಳ

ಐದು ರೂಪಾಯಿಯ ಹಳೆಯ ದಪ್ಪ ನಾಣ್ಯವನ್ನು ಎರಡು ಬೆರಳ ನಡುವೆ ಹಿಡಿದು ನೀವು ಕೊಳದ ಅಂಚಿನಲ್ಲಿ ಮಂಡಿಯೂರಿದ್ದೀರಿ. ಬೆಳಗಿನ ಆರೂವರೆ. ರಾತ್ರಿಯ ಮಳೆಗೆ ಕಡಪ ಕಲ್ಲು ಇನ್ನೂ ಒದ್ದೆ, ಮಂಡಿಚಿಪ್ಪನ್ನು ತಣ್ಣಗೆ ಕೊರೆಯುತ್ತಿದೆ. ನೀರಿನಿಂದ ಕ್ಲೋರಿನ್ ವಾಸನೆ ಏಳುತ್ತಿದೆ, ಅದರಡಿಯಲ್ಲಿ ಹಸಿ ಸಿಮೆಂಟಿನ ವಾಸನೆಯೂ ಇದೆ. ಕೆಲಸ ಮುಗಿದು, ನೀರು ತುಂಬಿಸಿ, ಪೂಜೆ ಮಾಡಿ, ಕಾಯಿ ಒಡೆದದ್ದೂ ಆಗಿದೆ. ಇನ್ನೂ ಸಿಮೆಂಟು ನಾರಬಾರದು.

ಬಡಿಯಿರಿ. ಮೊದಲ ಟೈಲು: ಠಣ್. ಪಕ್ಕದ್ದು: ಠಣ್. ಅದರಾಚೆಯದು: ಡಬ್.

ಕೈ ಅಲ್ಲೇ ನಿಲ್ಲುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಮುನ್ನ ಅಜ್ಜಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳಲ್ಲ, ಹಾಗೆ ನೀವೀಗ ತಲೆ ವಾಲಿಸಿ ಇನ್ನೊಮ್ಮೆ ತಟ್ಟುತ್ತೀರಿ. ಡಬ್. ಮುಂದಿನದೂ ಡಬ್. ಅಂಚಿನುದ್ದಕ್ಕೂ ಮಂಡಿಯಲ್ಲೇ ತೆವಳುತ್ತಾ ಹೋದರೆ ಠಣ್ ಎನ್ನುವವು ವಿರಳವಾಗುತ್ತವೆ. ಆಳದ ತುದಿಯಲ್ಲಿ ಒಂದು ಟೈಲಿನ ಸಂದಿಗೆ ಉಗುರು ಹಾಕುತ್ತೀರಿ. ಗ್ರೌಟ್ ಪುಡಿಯಾಗಿ ಉದುರುತ್ತದೆ. ಉಗುರು ಒಳಗೆ ಹೋಗುತ್ತದೆ, ಬೆರಳೂ ಹೋಗುತ್ತದೆ, ಕೊನೆಗೆ ಇಡೀ ಟೈಲು ಯಾವ ಪ್ರತಿರೋಧವೂ ಇಲ್ಲದೆ ನಿಮ್ಮ ಅಂಗೈಗೆ ಬರುತ್ತದೆ. ಅದರ ಹಿಂದೆ ತುಂಬಿಕೊಂಡಿದ್ದ ಬಿಳಿಚು ನೀರು ಮಣಿಕಟ್ಟಿನವರೆಗೆ ಇಳಿಯುತ್ತದೆ.

ಟೈಲನ್ನು ಮಗುಚಿ ನೋಡಿ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಅಂಟು, ನಡುವೆ ಒಂದು. ಉಳಿದದ್ದೆಲ್ಲ ಬರೀ ಗಾಳಿ ನಿಲ್ಲುವ ಜಾಗ, ಈಗ ನೀರು ನಿಂತ ಜಾಗ. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಹರಡಿ, ಗೆರೆ ಎಳೆದು, ಟೈಲನ್ನು ಒತ್ತಿ ಗಾಳಿ ಹೊರಡಿಸಬೇಕಾದ ಕೆಲಸ ಇದು. ಬಚ್ಚಲುಮನೆಯ ಗೋಡೆಗೆ ಉಂಡೆಯಿಟ್ಟು ಕೂರಿಸಿದರೆ ವರ್ಷಗಟ್ಟಲೆ ನಡೆದುಬಿಡುತ್ತದೆ. ಕೊಳದಲ್ಲಿ ನಡೆಯುವುದಿಲ್ಲ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ತೂಕದಲ್ಲಿ ಒತ್ತುತ್ತಿರುತ್ತದೆ. ಅದಕ್ಕೆ ಟೊಳ್ಳು ಸಿಕ್ಕರೆ ಸಾಕು.

ಟೈಲು ಕಿತ್ತ ಜಾಗದಲ್ಲಿ ಗೋಡೆಯ ಗಾರೆ ಕಾಣಬೇಕಿತ್ತು, ಅದರ ಮೇಲೆ ವಾಟರ್‌ಪ್ರೂಫಿಂಗ್ ಪದರ ಕಾಣಬೇಕಿತ್ತು. ಕಾಣುತ್ತಿರುವುದು ನೀಲಿ. ನಿಮಗೆ ಚೆನ್ನಾಗಿ ಪರಿಚಯವಿರುವ, ಅಂಚು ಮುಕ್ಕಾದ, ಹಳೆಯ ನೀಲಿ ಟೈಲು. ಕೊಟೇಶನ್ನಿನ ಮೊದಲ ಸಾಲಿನಲ್ಲೇ ಬರೆದಿದೆ: ಹಳೆಯ ಟೈಲು ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿ, ಹೊಸ ಟೈಲು ಹಾಕುವುದು. ಮೂರು ಕೆಲಸಗಳಲ್ಲಿ ಆಗಿರುವುದು ಕಣ್ಣಿಗೆ ಕಾಣುವ ಒಂದೇ. ಹತ್ತರಲ್ಲಿ ಎಂಟು ಪಾಲು ಹಣ ಆಗಲೇ ಗುತ್ತಿಗೆದಾರರ ಕೈ ಸೇರಿದೆ.

ಎದ್ದು ನಿಲ್ಲುವಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಮೊನ್ನೆ ನೀರಿನಡಿಯಲ್ಲಿದ್ದ ಟೈಲಿನ ಸಾಲು ಇವತ್ತು ಗಾಳಿಯಲ್ಲಿದೆ.

ಫೋನು ಹಚ್ಚುತ್ತೀರಿ. ಆ ಕಡೆ ಟ್ರಾಫಿಕ್ಕಿನ ಗದ್ದಲ, ಅದರ ನಡುವೆ ನಿಶ್ಚಿಂತ ದನಿ. "ಓಪನ್ ಅಲ್ವಾ ಸಾರ್, ಆವಿ ಆಗುತ್ತೆ. ಎಲ್ಲಾ ಪೂಲಲ್ಲೂ ಆಗುತ್ತೆ." ಸೆಪ್ಟೆಂಬರಿನ ಕೊನೆ, ಆಕಾಶ ತುಂಬ ಮೋಡ, ಒಗೆದ ಬಟ್ಟೆ ಒಣಗುತ್ತಿಲ್ಲ. ಕೊಳದ ನೀರು ಮಾತ್ರ ಆವಿಯಾಗುತ್ತಿದೆಯಂತೆ.

ವಾದ ಮಾಡಬೇಡಿ. ಒಂದು ಬಕೆಟ್ ತನ್ನಿ.

ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿ, ಎರಡನೇ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಒಳಗಿನ ಮಟ್ಟಕ್ಕೊಂದು ಗೆರೆ, ಹೊರಗಿನ ಮಟ್ಟಕ್ಕೊಂದು ಗೆರೆ. ಪಂಪು ಬಂದ್. ಬಿಸಿಲು, ಗಾಳಿ, ಹನಿ ಮಳೆ ಎರಡಕ್ಕೂ ಸಮ. ಮರುದಿನ ಅದೇ ಹೊತ್ತಿಗೆ ಬಗ್ಗಿ ನೋಡಿದರೆ ಬಕೆಟ್ಟಿನಲ್ಲಿ ಇಳಿದಿರುವುದು 4 ಮಿಲಿಮೀಟರ್, ಕೊಳದಲ್ಲಿ 22. ವ್ಯತ್ಯಾಸ 18. ನಿಮ್ಮ ಕೊಳ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಒಂದೊಂದು ಮಿಲಿಮೀಟರೂ 32 ಲೀಟರ್. ದಿನಕ್ಕೆ 576 ಲೀಟರ್ ನೀರು ಎಲ್ಲಿಗೋ ಹೋಗುತ್ತಿದೆ.

ಬೆಂಗಳೂರಿನಲ್ಲಿ ಈ ಲೆಕ್ಕ ಹೊಟ್ಟೆಗೆ ನಾಟುತ್ತದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಕೊಡ ಹಿಡಿದು ಸಾಲು ನಿಂತ ಜನರ ಚಿತ್ರಗಳು ಪತ್ರಿಕೆ ತುಂಬಿದ್ದಾಗ, ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದೆಂದು ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಆ ಬೇಸಿಗೆ ನಿಮ್ಮ ಕೊಳ ಖಾಲಿ ಬಿದ್ದಿತ್ತು. ಹಳೆಯ ಟೈಲುಗಳು ಬಿಸಿಲಿಗೆ ಕಾದು, ಕೀಲು ಬಿಟ್ಟು, ಈ ರಿಪೇರಿಗೆ ಕಾರಣವಾದದ್ದೇ ಹಾಗೆ. (ಮನೆಯಂಗಳದಲ್ಲಿ ಈಜುಕೊಳ ಇಟ್ಟುಕೊಂಡವರ ಕಷ್ಟಕ್ಕೆ ಮರುಗುವವರು ಯಾರು ಎಂದು ಓದುವವರು ಕೇಳಬಹುದು. ಮರುಗುವುದು ಬೇಡ. ಸಂಪು, ತಾರಸಿ, ಬಚ್ಚಲು ಕಟ್ಟುವುದೂ ಇವೇ ಕೈಗಳು.)

ನೀರು ಎಲ್ಲಿಂದ ಹೋಗುತ್ತಿದೆ? ಅದನ್ನು ತಿಳಿಯಲು ನೀವೇ ನೀರಿಗಿಳಿಯಬೇಕು.

ಸಂಜೆ, ಗಾಳಿ ಬಿದ್ದ ಹೊತ್ತು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಲೋಟದಲ್ಲಿ ಕದಡಿ, ಸೂಜಿ ತೆಗೆದ ಸಿರಿಂಜಿಗೆ ಎಳೆದುಕೊಂಡು ಮೆಟ್ಟಿಲಿಳಿಯುತ್ತೀರಿ. ತೊಡೆ, ಸೊಂಟ, ಎದೆ. ಮೈ ನಡುಗುತ್ತದೆ, ಆದರೆ ನಡುಗಕೂಡದು. ನೀರು ಅಲುಗಿದರೆ ಬಣ್ಣ ಸುಳ್ಳು ಹೇಳುತ್ತದೆ. ಮೂಲೆಯ ಬಿರುಕಿನ ಮುಂದೆ ಒಂದು ಹನಿ ಬಿಡುತ್ತೀರಿ. ಕಿತ್ತಳೆ ಬಣ್ಣದ ಎಳೆ ಸುಮ್ಮನೆ ತೇಲಿ, ಅಗಲವಾಗಿ, ಕರಗುತ್ತದೆ. ಇಲ್ಲಿಲ್ಲ. ನೀರು ಬರುವ ಕೊಳವೆಯ ಬಾಯಿಯಲ್ಲೊಂದು ಹನಿ. ಅಲ್ಲೂ ಇಲ್ಲ. ಉದ್ದ ಗೋಡೆಯ ನಡುವೆ, ಎದೆಮಟ್ಟಕ್ಕೆ, ದುಂಡನೆಯ ದೀಪ ಕೂರಿಸಿದ್ದಾರೆ. ಅದರ ಅಂಚಿನಲ್ಲೊಂದು ಹನಿ ಬಿಟ್ಟು ಉಸಿರು ಹಿಡಿಯುತ್ತೀರಿ.

ಬಣ್ಣ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ತೆಳ್ಳಗಿನ ಗೆರೆಯಾಗಿ, ಅವಸರವಿಲ್ಲದೆ, ದೀಪದ ಹಿಂದಿನ ಸಂದಿಗೆ ನುಗ್ಗಿ ಮಾಯವಾಗುತ್ತದೆ.

ಆ ದೀಪದ ಹಿಂದೆ ವೈರು ಹೋಗುವ ಪೈಪಿದೆ. ಅದರ ಬಾಯಿಗೆ ಗ್ಲ್ಯಾಂಡ್ ಬಿಗಿದು ನೀರು ತಡೆಯಬೇಕು. ಇಲ್ಲಿ ಬಿಳಿ ಸಿಮೆಂಟು ಮೆತ್ತಿದ್ದಾರೆ. ಪೈಪು ಇಳಿಯುವುದು ನೆಲದಡಿಯ ಪಂಪ್ ಗುಂಡಿಗೆ, ಅಲ್ಲಿನ ಜಂಕ್ಷನ್ ಪೆಟ್ಟಿಗೆಗೆ. ಅಂದರೆ ದಿನಕ್ಕೆ ನೂರಾರು ಲೀಟರ್ ನೀರು ಕರೆಂಟಿನ ದಾರಿಯಲ್ಲೇ ಹರಿದು, ಪೆಟ್ಟಿಗೆ ತುಂಬಿ, ಗುಂಡಿಯ ಜಲ್ಲಿಗೆ ಇಂಗುತ್ತಿದೆ. ಈ ಯೋಚನೆ ನಿಮ್ಮ ತಲೆಯಲ್ಲಿ ಇನ್ನೂ ಪೂರ್ತಿಯಾಗಿಲ್ಲ.

"ಅಪ್ಪಾ, ಕತ್ತಲಾಯ್ತು. ಲೈಟ್ ಹಾಕ್ತೀನಿ."

ಮಗಳ ದನಿ, ವೆರಾಂಡದಿಂದ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೀರೆಲ್ಲ ಹಸಿರುನೀಲಿಯಾಗಿ ಬೆಳಗುತ್ತದೆ.

ಮೊದಲು ಬೆರಳ ತುದಿ. ಜುಮ್ ಎನ್ನುತ್ತದೆ. ಸಿರಿಂಜು ಹಿಡಿದ ಕೈಗೆ ಜೋಮು ಹತ್ತಿದೆಯೇನೋ ಅನ್ನಿಸುತ್ತದೆ. ಜೋಮು ಮೊಣಕೈಗೆ ಏರುತ್ತದೆ. ಸಿರಿಂಜು ಬೀಳುತ್ತದೆ. ನೀವು ಬೀಳಿಸಿಲ್ಲ, ಬೆರಳು ತಾನಾಗಿ ಬಿಟ್ಟಿದೆ. ನೀರು ನಡುಗುತ್ತಿದೆಯೋ ನಿಮ್ಮ ತೋಳು ನಡುಗುತ್ತಿದೆಯೋ ಗೊತ್ತಾಗುತ್ತಿಲ್ಲ.

ಬಲಕ್ಕೆ ಎರಡಡಿ ದೂರದಲ್ಲಿ ಸ್ಟೀಲಿನ ಏಣಿ ಹೊಳೆಯುತ್ತಿದೆ. ಕೈ ಅದರತ್ತ ಹೊರಟಿದೆ. ನಿಲ್ಲಿಸಿ. ಮುಟ್ಟಬೇಡಿ. ಏಣಿಯ ಕಾಲು ನೆಲದಲ್ಲಿ ಹೂತಿದೆ. ನೀರಿಗೂ ಅದಕ್ಕೂ ನಡುವೆ ಇರುವುದು ನಿಮ್ಮ ಎದೆ. ಒಂದು ಮಿಲಿಆಂಪಿಯರ್ ಕರೆಂಟು ಮೈಗೆ ತಿಳಿಯುತ್ತದೆ, ಹತ್ತು ದಾಟಿದರೆ ಹಿಡಿದದ್ದನ್ನು ಬಿಡಲಾಗುವುದಿಲ್ಲ. ನೀರಿನಲ್ಲಿ ಅಷ್ಟೂ ಬೇಕಿಲ್ಲ. ಕಾಲಿನ ಸ್ನಾಯು ಸೆಟೆದರೆ ಸಾಕು, ಎದೆಮಟ್ಟದ ನೀರೇ ಮುಳುಗಿಸುತ್ತದೆ.

"ಮೇನ್ ಆಫ್ ಮಾಡು! ಮೇನ್!"

ಅವಳಿಗೆ ಕೇಳಿಸಿದ್ದು ಕಿರುಚಾಟ ಮಾತ್ರ. ಓಡಿ ಬರುತ್ತಿದ್ದಾಳೆ. ಬರಿಗಾಲು, ಒದ್ದೆ ಕಲ್ಲು, ಚಾಚಿದ ಕೈ. ಇನ್ನು ನಾಲ್ಕು ಹೆಜ್ಜೆ.

"ಹತ್ರ ಬರ್ಬೇಡ! ಅಲ್ಲೇ ನಿಲ್ಲು! ಅಡುಗೆಮನೆ ಮೇನ್!"

ನಿಂತಳು. ತಿರುಗಿದಳು. ಓಡಿದಳು. ನೀವು ದೀಪಕ್ಕೆ ಬೆನ್ನು ಕೊಡದೆ, ತೋಳುಗಳನ್ನು ಎದೆಗೆ ಒತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತೀರಿ. ಜೋಮು ಮೊಣಕೈಗೆ ಇಳಿಯುತ್ತದೆ, ಮಣಿಕಟ್ಟಿಗೆ ಇಳಿಯುತ್ತದೆ. ಹಿಮ್ಮಡಿ ಮೆಟ್ಟಿಲಿಗೆ ತಾಗುತ್ತದೆ. ಆಗಲೇ ಕೊಳ, ವೆರಾಂಡ, ಮನೆ ಎಲ್ಲ ಒಟ್ಟಿಗೆ ಕಪ್ಪಾಗುತ್ತವೆ. ಕಪ್ಪೆಗಳು ವಟಗುಟ್ಟುವುದು ಮಾತ್ರ ಕೇಳುತ್ತದೆ. ಅಷ್ಟು ಹೊತ್ತೂ ವಟಗುಟ್ಟುತ್ತಲೇ ಇದ್ದವೇನೋ.

ಮೈ ಒರೆಸಿಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿ, ಟಾರ್ಚ್ ಹಿಡಿದು ಪಂಪಿನ ಬೋರ್ಡಿನ ಮುಂದೆ ನಿಂತಾಗ ನಿಮ್ಮ ಮೊಣಕಾಲು ಇನ್ನೂ ಕುಣಿಯುತ್ತಿದೆ. ಎಡಗಡೆ ಆರ್‌ಸಿಸಿಬಿ ಇದೆ. ಮೂವತ್ತು ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯಬೇಕಾದ ಸಾಧನ. ಟಾರ್ಚಿನ ಬೆಳಕನ್ನು ವೈರಿನ ಮೇಲೆ ಹಿಡಿದು ಹಿಂಬಾಲಿಸಿ. ಒಳಬರುವ ವೈರು ಅದರ ಹತ್ತಿರ ಹೋಗಿ, ಮುಟ್ಟದೆ, ಬಳಸಿಕೊಂಡು ನೇರ ಎಂಸಿಬಿಗೆ ಹೋಗಿದೆ. ಎಂಸಿಬಿ ಬೀಳುವುದು ಹತ್ತು ಆಂಪಿಯರ್ ದಾಟಿದರೆ. ಮನುಷ್ಯ ಸಾಯುವುದಕ್ಕೆ ಅದರ ನೂರನೇ ಒಂದು ಪಾಲು ಸಾಕು. ದೀಪದ ಹೊರಡಬ್ಬಿ ಅಲ್ಲೇ ಮೂಲೆಯಲ್ಲಿ ಬಿದ್ದಿದೆ: 230 ವೋಲ್ಟ್. ಕೊಳದ ದೀಪಕ್ಕೆ ಟ್ರಾನ್ಸ್‌ಫಾರ್ಮರ್ ಇಟ್ಟು 12 ವೋಲ್ಟ್ ಕೊಡಬೇಕು. ಇದು ತೋಟದ ಹುಲ್ಲಿನ ಮೇಲೆ ನೆಡುವ ದೀಪ.

ಫೋನು. ಈ ಸಲ ಆ ಕಡೆ ಟಿವಿಯ ಸದ್ದು.

"ಅದಾ ಸಾರ್? ಪದೇ ಪದೇ ಟ್ರಿಪ್ ಆಗ್ತಿತ್ತು. ನಿಮಗೆ ತೊಂದರೆ ಆಗ್ಬಾರ್ದು ಅಂತ ಡೈರೆಕ್ಟ್ ಕೊಟ್ಟಿದ್ದೆ."

ಈ ಉತ್ತರದಲ್ಲಿ ದುರುದ್ದೇಶವಿಲ್ಲ, ಅದೇ ಭಯ ಹುಟ್ಟಿಸುವುದು. ದೀಪದೊಳಗೆ ತೇವ ಸೇರಿದೆ ಎಂದು ಆ ಪುಟ್ಟ ಪೆಟ್ಟಿಗೆ ಮೊದಲ ದಿನದಿಂದ ಕೂಗಿ ಹೇಳುತ್ತಿತ್ತು. ಅವರ ಕಿವಿಗೆ ಅದು ಕಿರಿಕಿರಿ. ಕೂಗುವುದರ ಬಾಯಿ ಮುಚ್ಚಿಸಿದರು. ಅಂಟು ಕಚ್ಚದ ಹಳೆಯ ಗೋಡೆಯನ್ನು ಹೊಸ ಟೈಲಿನಿಂದ ಮುಚ್ಚಿದ್ದೂ ಇದೇ ಬುದ್ಧಿ. ಕೆಟ್ಟ ಕೆಲಸಗಾರ ಕೆಲಸ ಬಿಡುತ್ತಾನೆ ಎಂದು ನಾವು ತಿಳಿಯುತ್ತೇವೆ. ಹಾಗೇನಿಲ್ಲ, ದೂರು ಹೇಳುವ ಜಾಗವನ್ನು ಹುಡುಕಿ ಹುಡುಕಿ ಮುಚ್ಚಲು ಅವನೂ ಸಾಕಷ್ಟು ಶ್ರಮ ಪಡುತ್ತಾನೆ. ಇನ್ನೆಲ್ಲಿ ಮುಚ್ಚಿದ್ದಾರೆ? ರಾತ್ರಿಯಿಡೀ ತಾರಸಿಯ ಶೀಟಿನ ಮೇಲೆ ಮಳೆ ಬಡಿಯುತ್ತದೆ. ನಿಮಗೆ ನಿದ್ದೆ ಬರುವುದಿಲ್ಲ.

ಮರುದಿನ ಹಾಲು, ಪೇಪರು ತರಲು ಹೋದವರು ಗೇಟಿಗೆ ವಾಪಸಾಗುವಷ್ಟರಲ್ಲಿ ಒಳಗಿಂದ ಡೀಸೆಲ್ ಪಂಪಿನ ಗಡಗಡ ಕೇಳುತ್ತದೆ. ಗುತ್ತಿಗೆದಾರರು ಬಂದಿದ್ದಾರೆ. ಜೊತೆಗೆ ಯಾದಗಿರಿ ಕಡೆಯ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ. ಬೆಳಿಗ್ಗೆ ಬೇಗ ಶುರು ಮಾಡಿದ್ದಾರೆ ಎಂದು ನೀವು ಮೆಚ್ಚಬೇಕೆಂದು ಅವರ ನಿರೀಕ್ಷೆ. "ಖಾಲಿ ಮಾಡಿಸ್ತಿದೀನಿ ಸಾರ್. ಲೈಟ್ ಬದಲಾಯಿಸಿ ಎರಡು ದಿನದಲ್ಲಿ ತುಂಬಿಸಿಕೊಡ್ತೀನಿ." ದಪ್ಪ ಪೈಪು ರಸ್ತೆಯ ಚರಂಡಿಗೆ ನೀರು ಕಾರುತ್ತಿದೆ. ಕೊಳದ ಈಚೆ ತುದಿಯಲ್ಲಿ ಆಗಲೇ ನೆಲ ಕಾಣುತ್ತಿದೆ, ಆಳದ ತುದಿಯಲ್ಲಿ ಮಂಡಿಮಟ್ಟ ಉಳಿದಿದೆ.

ಒಂದು ಕ್ಷಣ ನಿಮಗೆ ಹಾಯೆನಿಸುತ್ತದೆ. ಆ ನೀರು ಕಂಡರೆ ಈಗ ಹೆದರಿಕೆ, ಹೋಗಲಿ. ಅಷ್ಟರಲ್ಲಿ ಕಾಲಡಿಯಿಂದ ಒಂದು ಸದ್ದು ಬರುತ್ತದೆ. ಟಪ್.

ಪಂಪಿನ ಗಲಾಟೆಯಲ್ಲಿ ಬೇರೆ ಯಾರಿಗೂ ಕೇಳಿಸಿಲ್ಲ. ಮತ್ತೆ, ಟಪ್. ಟಪ್. ಕಡಪ ಕಲ್ಲಿಗೂ ಕೊಳದ ಅಂಚಿನ ಕಲ್ಲಿಗೂ ನಡುವಿನ ಸಂದಿಗೆ ಬಗ್ಗುತ್ತೀರಿ. ಎರಡೂ ಒಂದೇ ಮಟ್ಟದಲ್ಲಿದ್ದವು. ಈಗ ಅಂಚಿನ ಕಲ್ಲು ಮೇಲಿದೆ. ಕಿರುಬೆರಳ ದಪ್ಪ. ಕೈಯಿಟ್ಟರೆ ಕಲ್ಲಿನಲ್ಲಿ ಸಣ್ಣದೊಂದು ಅದುರು.

ಈ ಮನೆ ಇರುವುದು ವರ್ತೂರಿನ ಆಚೆ, ಹಿಂದೆ ಕೆರೆಯ ಅಂಗಳವಾಗಿದ್ದ ತಗ್ಗಿನಲ್ಲಿ. ಬೆಂಗಳೂರಿಗೆ ಇದು ಹೊಸತಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಕೆರೆ ಹೋದರೂ ಮಳೆಗಾಲದಲ್ಲಿ ನೀರಿಗೆ ತನ್ನ ಜಾಗ ನೆನಪಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇದೇ ಪೂರ್ವ ದಿಕ್ಕಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರತಂದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಈಗ ತೋಟದ ಮಣ್ಣಿಗೆ ಗುದ್ದಲಿ ಹಾಕಿದರೆ ಒಂದಡಿಗೇ ನೀರು.

ಆ ನೀರು ಕೊಳದ ತಳವನ್ನು ಕೆಳಗಿನಿಂದ ಒತ್ತುತ್ತಿದೆ. ಲೆಕ್ಕ ತಾನಾಗಿ ತಲೆಯಲ್ಲಿ ಓಡುತ್ತದೆ. ತಳ 32 ಚದರ ಮೀಟರ್. ಅಂತರ್ಜಲ ಒಂದು ಮೀಟರ್ ಏರಿದರೆ 32 ಟನ್ ಮೇಲ್ಮುಖ ಒತ್ತಡ. ಅರ್ಧಗೇಣು ಮೀರಿದ ದಪ್ಪದ ತಳ, ಅದೇ ದಪ್ಪದ ಗೋಡೆ, ಎಲ್ಲ ಸೇರಿದರೂ ಕಾಂಕ್ರೀಟಿನ ತೂಕ ಅದನ್ನು ಮೀರುವುದಿಲ್ಲ. ಇಷ್ಟು ದಿನ ಅದನ್ನು ನೆಲದಲ್ಲಿ ಒತ್ತಿ ಹಿಡಿದದ್ದು ಒಳಗಿನ ನಲವತ್ತಕ್ಕೂ ಹೆಚ್ಚು ಟನ್ ನೀರು. ಆ ನೀರೀಗ ಚರಂಡಿಯಲ್ಲಿದೆ. ಖಾಲಿ ಕೊಳ ತೇಲುತ್ತದೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ತೇಲುತ್ತದೆ. ಮೇಲೆದ್ದ ಕೊಳ ಮತ್ತೆ ತನ್ನ ಗುಂಡಿಗೆ ಸರಿಯಾಗಿ ಕೂರುವುದಿಲ್ಲ.

"ಪಂಪ್ ನಿಲ್ಸಿ!"

"ಇನ್ನು ಸ್ವಲ್ಪ ಐತೆ ಸಾರ್, ಹತ್ತು ನಿಮಿಷ..."

ನೀವೇ ಹೋಗಿ ಪಂಪು ನಿಲ್ಲಿಸುತ್ತೀರಿ. ಮೌನ ಬಿದ್ದ ಕೂಡಲೇ ಟಪ್ ಟಪ್ ಎಲ್ಲರಿಗೂ ಕೇಳುತ್ತದೆ. ತಳದಲ್ಲೊಂದು ಟೈಲು ನೆಗೆದು ಬೀಳುತ್ತದೆ. ಗುತ್ತಿಗೆದಾರರ ಮುಖದ ಬಣ್ಣ ಹೋಗುತ್ತದೆ.

"ತಳದಲ್ಲಿ ಒಂದು ಕವಾಟ ಇತ್ತು," ಎನ್ನುತ್ತೀರಿ. "ಆಳದ ಮೂಲೆಯಲ್ಲಿ. ಎಲ್ಲಿ?" ಹೊರಗಿನ ಒತ್ತಡ ಹೆಚ್ಚಾದರೆ ತಾನಾಗಿ ತೆರೆದು ಅಂತರ್ಜಲವನ್ನು ಒಳಕ್ಕೆ ಬಿಡುವ ಕವಾಟ. ಅಂಥ ಹೊತ್ತಿನಲ್ಲಿ ಕೊಳದೊಳಕ್ಕೆ ಕೆಸರು ನೀರು ಬಂದರೂ ಸರಿ, ಕೊಳ ಉಳಿಯಬೇಕೆಂದು ಕಟ್ಟಿದವರು ಇಟ್ಟದ್ದು.

ಗುತ್ತಿಗೆದಾರರು ಮಾತಾಡುವುದಿಲ್ಲ. ಹುಡುಗ ಮಾತಾಡುತ್ತಾನೆ.

"ಅಲ್ಲೊಂದ್ ಹಿತ್ತಾಳಿ ಮುಚ್ಚಳ ಇತ್ತರೀ. ನೀರ್ ಬರಾಕತ್ತಿತ್ತು. ಲೀಕ್ ಐತಿ, ಬಂದ್ ಮಾಡು ಅಂದ್ರು. ಸಿಮೆಂಟ್ ತುಂಬಿ ಟೈಲ್ ಹಾಕೀವ್ರಿ."

ಮೂರನೇ ಬಾಯಿ.

ಈಗ ಆಯ್ಕೆ ಮಾಡಿ. ಟ್ಯಾಂಕರಿಗೆ ಫೋನು ಮಾಡಬಹುದು. ಹನ್ನೆರಡು ಸಾವಿರ ಲೀಟರಿನದು ಬರಲು ಮುಕ್ಕಾಲು ಗಂಟೆ, ಒಂದು ಸಾಲದು. ಅಥವಾ ಈಗಲೇ ತಳ ಒಡೆದು ಆ ಕವಾಟದ ಬಾಯಿ ಬಿಡಿಸಬಹುದು. ಒಡೆಯಲು ಯಾರಾದರೂ, ಅದುರುತ್ತಿರುವ ಆ ತಳದ ಮೇಲೆ ಇಳಿದು ನಿಲ್ಲಬೇಕು. ಜಾಗ ಗೊತ್ತಿರುವುದು ಹುಡುಗನೊಬ್ಬನಿಗೇ. ಅವನ ವಯಸ್ಸು ನೋಡಿ. ನಿನ್ನೆ ಚಾಚಿದ್ದ ಮಗಳ ಕೈ ನೆನಪಾಗುತ್ತದೆ. ಆಕೆಗೆ ಬರಬೇಡ ಎಂದ ಬಾಯಲ್ಲಿ ಇವನಿಗೆ ಇಳಿ ಎನ್ನುವುದು ಹೇಗೆ?

"ಜಾಗ ತೋರ್ಸು, ನಾನು ಇಳೀತೀನಿ."

"ನಿಮಗ ಹಾರಿ ಹಿಡಿಯಾಕ ಬರಂಗಿಲ್ಲ ಬಿಡ್ರೀ," ಎಂದು ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದಾನೆ. ಮೇನ್ ಆಫ್ ಆಗಿದೆಯೇ? ಎರಡು ಸಲ ಕೇಳಿ ಖಚಿತ ಮಾಡಿಕೊಂಡು ನೀವೂ ಹಿಂದೆಯೇ ಇಳಿಯುತ್ತೀರಿ. ಟೈಲು ಜಾರುತ್ತದೆ. ಮೂಗಿಗೆ ಡೀಸೆಲ್ ಹೊಗೆ, ಪಾಚಿ, ಸುಣ್ಣ. ಆಳದ ತುದಿಗೆ ಹೋದಂತೆ ನೀರು ಮೀನಖಂಡ ದಾಟುತ್ತದೆ. ಪಾದದಡಿ ತಳ ಗಟ್ಟಿಯಾಗಿದೆ ಎಂದು ಮೈ ನಂಬುವುದಿಲ್ಲ.

ಹುಡುಗ ಗೋಡೆಯಿಂದ ಗೇಣು ಅಳೆದು, ಕಾಲಿನಿಂದ ಜಾಗ ಗುರುತಿಸಿ, ಹಾರೆ ಎತ್ತುತ್ತಾನೆ. ಒಂದು ಪೆಟ್ಟು. ಟೈಲು ಚೂರು. ಎರಡು. ಹಾರೆಯ ತುದಿ ಕಿಡಿಯಿಲ್ಲದೆ ನೀರಿನಡಿ ಗಕ್ಕೆಂದು ನಿಲ್ಲುತ್ತದೆ. ಮೂರು. ಅವನ ಭುಜದ ಎಲುಬು ಎದ್ದು ಕಾಣುತ್ತದೆ. ನೀವೂ ಹಾರೆಗೆ ಕೈ ಹಾಕುತ್ತೀರಿ. ಇಬ್ಬರೂ ಎತ್ತಿ, ಇಬ್ಬರೂ ಕುಕ್ಕುತ್ತೀರಿ. ಮೇಲೆ ಯಾರೋ ಕೂಗುತ್ತಿದ್ದಾರೆ. ಅಂಚಿನ ಕಲ್ಲು ಇನ್ನೊಮ್ಮೆ ಕಿರ್ ಎನ್ನುತ್ತದೆ. ಕುಕ್ಕಿ. ಮತ್ತೆ ಕುಕ್ಕಿ.

ಏನೋ ಕುಸಿಯುತ್ತದೆ. ಹಾರೆ ಒಂದು ಗೇಣು ಒಳಕ್ಕೆ ಇಳಿಯುತ್ತದೆ. ಎಳೆದ ಕೂಡಲೇ ಕಣಕಾಲಿಗೆ ಐಸಿನಷ್ಟು ತಣ್ಣನೆಯ ನೀರು ಗುದ್ದಿ ಮೇಲೇಳುತ್ತದೆ. ಕಂದು ಬಣ್ಣ, ಕೆರೆಮಣ್ಣಿನ ಘಾಟು. ಹುಡುಗ ನಗುತ್ತಾನೆ. ನಿಮ್ಮ ಬಾಯೊಳಗೆ ಮಣ್ಣಿನ ರುಚಿ. ಇಬ್ಬರೂ ಮೇಲೆ ಹತ್ತಿ ಕೂತು ನೋಡುತ್ತಿರುವಂತೆ ನಿಮ್ಮ ಹೊಳೆಹೊಳೆಯುವ ಹೊಸ ಕೊಳದಲ್ಲಿ ಕೆಸರು ನೀರು ಏರುತ್ತದೆ, ಮಂಡಿ, ತೊಡೆ. ಟಪ್ ಟಪ್ ನಿಲ್ಲುತ್ತದೆ. ಆಮೇಲೆ ಕರೆಸಿದ ಟ್ಯಾಂಕರಿನವನು ಈ ಕೆಸರಿಗೆ ಒಳ್ಳೆ ನೀರು ಯಾಕೆ ಎಂದು ಕೇಳುತ್ತಾನೆ. ಹಾಕಪ್ಪಾ, ಹಾಕು.

"ಮಳೆ ಸಾರ್," ಎನ್ನುತ್ತಾರೆ ಗುತ್ತಿಗೆದಾರರು, ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ. "ನಮ್ಮ ಕೈಲಿ ಏನಿದೆ?"

ನೀವು ಕೂಗಾಡಬಹುದು. ಗಂಟಲಲ್ಲಿ ಅದು ಬಂದು ನಿಂತಿದೆ. ಬದಲು ಹುಡುಗನಿಗೆ ಕಾಫಿ ಕೊಟ್ಟು, ಫೋಟೋ ತೆಗೆಯಲು ತೊಡಗುತ್ತೀರಿ: ಕಿರುಬೆರಳಿಟ್ಟ ಅಂಚಿನ ಸಂದು, ಐದು ಉಂಡೆಯ ಟೈಲು, ಬಳಸಿ ಹೋದ ವೈರು, 230 ವೋಲ್ಟಿನ ಡಬ್ಬಿ, ಸಿಮೆಂಟು ಮೆತ್ತಿದ ಹಿತ್ತಾಳೆ ಮುಚ್ಚಳ.

ಆಮೇಲಿನದು ಕಾಗದದ ಕೆಲಸ, ಅದರಲ್ಲಿ ವಾಸನೆಯೂ ಇಲ್ಲ ಸದ್ದೂ ಇಲ್ಲ. ಹೊರಗಿನ ಎಂಜಿನಿಯರೊಬ್ಬರು ಬಂದು ಪುಟ್ಟ ಸುತ್ತಿಗೆಯಲ್ಲಿ ತಟ್ಟಿ ವರದಿ ಬರೆಯುತ್ತಾರೆ. ತಳದ ಹೀರುಬಾಯಿಯ ಜಾಲರಿಯನ್ನು ಸ್ಕ್ರೂ ಬದಲು ಬೈಂಡಿಂಗ್ ವೈರಿನಲ್ಲಿ ಕಟ್ಟಿರುವುದನ್ನು ತೋರಿಸಿ ಅವರು ಸುಮ್ಮನಾಗುತ್ತಾರೆ. 2002ರಲ್ಲಿ ಅಮೆರಿಕದಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿಯನ್ನು ಬಿಸಿನೀರ ತೊಟ್ಟಿಯ ಇಂಥದೇ ಹೀರುಬಾಯಿ ಕಚ್ಚಿ ಹಿಡಿದು ಮುಳುಗಿಸಿತು. ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು ಅವಳು. ಐದು ವರ್ಷಗಳ ನಂತರ, 2007ರಲ್ಲಿ, ಆ ಜಾಲರಿಗಳ ಬಗ್ಗೆ ಅವಳ ಹೆಸರಿನಲ್ಲೇ ಕಾನೂನು ಬಂತು. ಪೂಜೆಯ ದಿನ ಬೆಳಿಗ್ಗೆ ನಿಮ್ಮ ಮಗಳು ಈ ಕೊಳದ ಜಾಲರಿಯ ಬಳಿಯೇ ಮುಳುಗಿ ನಾಣ್ಯ ಹೆಕ್ಕಿದ್ದಳು.

ಗುತ್ತಿಗೆದಾರರು ಸಂಧಾನಕ್ಕೆ ಬರುತ್ತಾರೆ. ಸಾಮಾನಿನ ದುಡ್ಡು ಕೊಟ್ಟರೆ ಸಾಕು, ಕೂಲಿ ಬಿಟ್ಟು ಮತ್ತೆ ಮಾಡಿಕೊಡುತ್ತಾರಂತೆ. ಸೋಫಾದ ತುದಿಯಲ್ಲಿ ಕೂತು ಹೇಳುವ ಅವರ ಕಣ್ಣಲ್ಲಿ ನಿಜವಾದ ದಣಿವಿದೆ. ಒಪ್ಪಿಕೊಂಡರೆ ಇದು ಇವತ್ತಿಗೆ ಮುಗಿಯುತ್ತದೆ. ಒಪ್ಪದಿದ್ದರೆ ವಕೀಲರ ನೋಟಿಸು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಂಥದನ್ನು ಸೇವಾ ನ್ಯೂನತೆ ಎನ್ನುತ್ತದೆ, ದೂರು ಕೊಡಲು ಎರಡು ವರ್ಷ ಕಾಲ ಕೊಡುತ್ತದೆ, ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ನಿಮ್ಮ ಬಲಗೈ ಬೆರಳುಗಳನ್ನು ನೀವೇ ಒಮ್ಮೆ ಮಡಿಚಿ ಬಿಡಿಸುತ್ತೀರಿ.

"ಬೇಡ," ಎನ್ನುತ್ತೀರಿ. "ಉಳಿದ ಎರಡು ಪಾಲು ಕೊಡೋದಿಲ್ಲ. ಕೊಟ್ಟಿದ್ದಕ್ಕೆ ನೋಟಿಸು ಬರುತ್ತೆ."

ಅವರು ಎದ್ದು ಹೋಗುತ್ತಾರೆ. ಬಾಗಿಲಲ್ಲಿ ತಿರುಗಿ, "ಬೇರೆಯವರೂ ಹೀಗೇ ಮಾಡೋದು ಸಾರ್," ಎನ್ನುತ್ತಾರೆ. ಅದರಲ್ಲಿ ಒಂದಿಷ್ಟು ಸತ್ಯವಿರುವುದೇ ನಿಮ್ಮ ಸಿಟ್ಟಿಗೆ ಕಾರಣ.

ಜನವರಿ. ಅಂತರ್ಜಲ ಇಳಿದಿದೆ, ತೋಟದ ಮೂಲೆಯಲ್ಲಿ ನೀವು ತೋಡಿಸಿದ ಗುಂಡಿಯಲ್ಲಿ ಆಳುದ್ದ ಇಳಿದರೂ ಒಣ ಮಣ್ಣು. ಎರಡನೇ ಗುತ್ತಿಗೆದಾರರು ಊಟದ ಮೇಜಿನ ಆಚೆ ಕೂತು ನೀವು ಬರೆದ ಹಾಳೆಗಳನ್ನು ಕನ್ನಡಕ ಏರಿಸಿ ಓದುತ್ತಿದ್ದಾರೆ. ಹಳೆಯ ಎರಡು ಪದರ ಟೈಲೂ ಕಾಂಕ್ರೀಟು ಕಾಣುವವರೆಗೆ ಕೀಳುವುದು. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲಿಗೆ ಮೊದಲು, ಏಳು ದಿನ ನೀರು ನಿಲ್ಲಿಸಿ ಬಕೆಟ್ ಇಟ್ಟು ನೋಡುವುದು. ಹೊಸ ಕವಾಟ. ದೀಪ 12 ವೋಲ್ಟ್. ಮನೆಯವರ ಎದುರು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ತೋರಿಸುವುದು. ಪ್ರತಿ ಹಂತ ಕಣ್ಣಿಗೆ ಬಿದ್ದ ಮೇಲೆ ಆ ಹಂತದ ಹಣ.

ಅವರು ಹಾಳೆ ಕೆಳಗಿಟ್ಟು ಕಿವಿಯ ಹಿಂದೆ ಕೆರೆದುಕೊಳ್ಳುತ್ತಾರೆ.

"ಇಷ್ಟೆಲ್ಲ ಬರೆದ್ರೆ ರೇಟು ಜಾಸ್ತಿ ಆಗುತ್ತೆ ಸಾರ್."

"ಎಷ್ಟು?"

ಅವರು ಹೇಳಿದ ಮೊತ್ತಕ್ಕೆ ನಿಮ್ಮ ಹೊಟ್ಟೆ ಒಮ್ಮೆ ಹಿಂಡುತ್ತದೆ. ಪೆನ್ನು ಅವರತ್ತ ಸರಿಸುತ್ತೀರಿ.